ಬೀವರ್ ಕಟ್ಟೆಯ ಮಹಜರು

ಜುಲೈ ತಿಂಗಳ ಎರಡನೇ ಮಂಗಳವಾರ. ಉತ್ತರದ ಕಾಡಂಚಿನ ಮೂಲನಿವಾಸಿಗಳ ಊರಿನ ಠಾಣೆಯಲ್ಲಿ ಬೆಳಗಿನ ಚಹಾ ಇನ್ನೂ ಕುದ್ದಿರಲಿಲ್ಲ, ಗಾರ್ತ್ ನೈಬರ್ಗ್ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ. ಪ್ಯಾಂಟಿನ ತುಂಬಾ ಒಣಗಿದ ಕೆಸರು.

“ಯಾರೋ ನನ್ನ ಹಳ್ಳ ಕದ್ದಿದ್ದಾರೆ!” ಅಂದ.

ಕಾನ್‌ಸ್ಟೇಬಲ್ ಟಾನಿಸ್ ಬಿಯರ್ಡಿ ಪೆನ್ನು ಹಿಡಿದವಳು ಹಾಗೇ ಕೂತಳು. “ಹಳ್ಳ ನಿಂದು ಯಾವಾಗಾಯ್ತು?”

ಸುಮ್ಮನಿರು ಎಂದು ಅವಳಿಗೆ ಕಣ್ಣಲ್ಲೇ ಹೇಳಿ ಸಾರ್ಜೆಂಟ್ ಆರ್ವಿಲ್ ಕೀಸಿಕ್ ಕುರ್ಚಿ ತೋರಿಸಿದ. ನೈಬರ್ಗ್ ಪಟ್ಟಣದವರನ್ನು ದೋಣಿಯಲ್ಲಿ ಕಾಡು ಸುತ್ತಿಸಿ ಹೊಟ್ಟೆ ಹೊರೆಯುವವನು. ಬಾಯಿ ಜಾಸ್ತಿ, ಮನುಷ್ಯ ಕೆಟ್ಟವನಲ್ಲ. ಇಡೀ ಚಳಿಗಾಲ ನಕ್ಷೆ ಹರಡಿಕೊಂಡು ಕೂತು ಚಮಚ ಸರೋವರಕ್ಕೆ ದೋಣಿಯ ದಾರಿ ಹೊಂದಿಸಿದ್ದನಂತೆ. ವಿಮಾನ ಇಳಿಯಲಾರದಷ್ಟು ಇಕ್ಕಟ್ಟಾದ ಆ ನೀರಿಗೆ ಹೊರಗಿನವರು ಯಾರೂ ಹೋಗಿದ್ದಿಲ್ಲ. ದೊಡ್ಡ ಕೆರೆ ದಾಟಬೇಕು, ಎರಡು ಕಡೆ ದೋಣಿಯನ್ನು ಹೆಗಲ ಮೇಲೆ ಹೊರಬೇಕು, ಕೊನೆಗೆ ಒಂದು ಹಳ್ಳ ಹಿಡಿಯಬೇಕು. ಆ ಹಳ್ಳದಲ್ಲಿ ದೋಣಿ ತೇಲುವಷ್ಟು ನೀರು ನಿಲ್ಲುವುದೇ ಬೀವರ್‌ಗಳು, ಹಲ್ಲಿನಿಂದ ಮರ ಕಡಿದು ನೀರಿಗೆ ಅಡ್ಡ ಒಡ್ಡುವ ಆ ಪ್ರಾಣಿಗಳು, ಕಟ್ಟಿದ ಕಟ್ಟೆಯ ಪುಣ್ಯದಿಂದ.

ಹೋದ ವಾರ ಮೊದಲ ಅತಿಥಿಗಳಾಗಿ ಗಂಡಹೆಂಡತಿ ಇಬ್ಬರನ್ನು ಕರೆದೊಯ್ದಿದ್ದ. ಹೋಗುವಾಗ ತುಂಬಿ ನಿಂತಿದ್ದ ಹಳ್ಳ ವಾಪಸು ಬರುವಾಗ ಬರೀ ಕೆಸರು. ದೋಣಿ ಎಳೆಯುವಾಗ ಹೆಂಗಸಿನ ಕಾಲು ಹೂತಿದ್ದ ದಿಮ್ಮಿಗಳ ನಡುವೆ ಸಿಕ್ಕಿ ಮುರಿಯಿತು. ವಿಮಾನ ಇಳಿಯುವ ದೊಡ್ಡ ಕೆರೆಯವರೆಗೆ ಅವಳನ್ನು ಹೊತ್ತು ತರುವಷ್ಟರಲ್ಲಿ ಮೈ ಕೆಂಡದಂತೆ ಸುಡುತ್ತಿತ್ತು.

“ಕಟ್ಟೆ ತಾನಾಗೇ ಒಡೆದಿರಬಹುದಲ್ಲ?” ಆರ್ವಿಲ್ ಕೇಳಿದ.

“ನಟ್ಟನಡುವೆ ಕಡಿದಿದ್ದಾರೆ. ಕೊಡಲಿ ಏಟು ಕಣ್ಣಾರೆ ನೋಡಿದೀನಿ.”

ಜೀವಕ್ಕೆ ಅಪಾಯ ತಂದ ಹಾನಿ ಎಂದು ದೂರು ದಾಖಲಾಯಿತು. ನೈಬರ್ಗ್ ಹೋದ ಮೇಲೆ ಆರ್ವಿಲ್ ಮೇಜಿನ ಮೇಲೆ ನಕ್ಷೆ ಹರಡಿದ. ಇಷ್ಟು ವರ್ಷದ ನೌಕರಿಯಲ್ಲಿ ಕಳವಾದ ಹಳ್ಳ ಹುಡುಕಲು ಹೊರಟಿದ್ದು ಇದೇ ಮೊದಲು. ಒಳಗೊಳಗೇ ಅವನಿಗೆ ಕುತೂಹಲ ತಡೆಯಲಾಗುತ್ತಿರಲಿಲ್ಲ.

“ಹಳ್ಳ ಒಣಗಿದ್ರೆ ಈ ದಿಬ್ಬದ ಮೇಲಿಂದ ಹೋಗೋಣ,” ಎಂದು ಬೆರಳಲ್ಲಿ ಗೆರೆ ಎಳೆದ.

“ಅಷ್ಟು ದೂರ ದೋಣಿ ಯಾರ ತಲೆ ಮೇಲೆ?”

“ನಿನ್ನ ತಲೆ ಮೇಲೆ. ನಾನು ತನಿಖೆ ಮಾಡ್ತಾ ಹಿಂದೆ ಬರ್ತೀನಿ.”

“ಮಾಡಿ ಮಾಡಿ ಸಾರ್ಜೆಂಟ್ರೇ. ನೀವು ದೋಣೀಲಿ ಕೂತ್ರೇ ಅರ್ಧ ಮುಳುಗತ್ತೆ, ಇಳಿದು ನಡೆಯೋದೇ ವಾಸಿ.”

ಬುಧವಾರ ಸಂಜೆ ಹಳ್ಳದ ಬಾಯಿಗೆ ಬಂದು ಇಬ್ಬರೂ ಪೆಚ್ಚಾದರು. ಹಳ್ಳ ದಂಡೆಯವರೆಗೆ ತುಂಬಿತ್ತು. ದಿಬ್ಬವೂ ಬೇಡ, ಹೊರುವುದೂ ಬೇಡ, ದೋಣಿ ಸಲೀಸಾಗಿ ಕಟ್ಟೆಯವರೆಗೆ ಹೋಯಿತು.

“ಸುಳ್ಳು ದೂರು,” ಎಂದಳು ಟಾನಿಸ್, ಸೊಳ್ಳೆ ಹೊಡೆಯುತ್ತಾ.

ಆರ್ವಿಲ್ ಕಟ್ಟೆಯ ಮೇಲೆ ಹತ್ತಿ ನಿಂತ. ಉಳಿದೆಲ್ಲ ಕಡೆ ಕಡ್ಡಿಗಳು ಬೂದು ಬಣ್ಣಕ್ಕೆ ತಿರುಗಿ ಹುಲ್ಲು ಬೆಳೆದಿತ್ತು. ನಡುವೆ ಮಾತ್ರ ಹಸಿ ಮಣ್ಣು, ಕೊಂಬೆಗಳಲ್ಲಿ ಇನ್ನೂ ಬಾಡದ ಎಲೆ.

“ಸುಳ್ಳಲ್ಲ. ಒಡೆದಿದ್ದನ್ನ ಬೀವರ್ ಮತ್ತೆ ಕಟ್ಟಿವೆ. ನಮಗಿಂತ ಮೊದಲು ಬಂದು ಸಾಕ್ಷ್ಯ ಮುಚ್ಚಿ ಹೋಗಿವೆ.”

“ಅವುಗಳ ಮೇಲೂ ಕೇಸ್ ಹಾಕೋಣ್ವಾ?” ಎಂದು ನಗುತ್ತಾ ಟಾನಿಸ್ ಅಳತೆ ಟೇಪು ಬಿಚ್ಚಿಕೊಂಡು ಕಟ್ಟೆಯ ಆ ತುದಿಗೆ ನಡೆದಳು.

ಆಗ ಅವನ ಕಣ್ಣಿಗೆ ಅದು ಬಿತ್ತು. ಹಸಿ ಮಣ್ಣಿನಿಂದ ಗೇಣುದ್ದ ಹೊರಗೆ ಚಾಚಿದ, ನಯವಾಗಿ ಕೆತ್ತಿದ ಮರದ ತುದಿ. ದೋಣಿಯ ಹುಟ್ಟಿನ ಹಿಡಿ. ಬೆವರಿನ ಉಪ್ಪಿನಾಸೆಗೆ ಬೀವರ್‌ಗಳು ಅದನ್ನು ಕಡಿದು ನೋಡಿದ್ದವು. ಆಮೇಲೆ ಉಳಿದ ಕೊಂಬೆಗಳ ಜೊತೆ ಕಟ್ಟೆಗೆ ಸೇರಿಸಿಬಿಟ್ಟಿದ್ದವು.

ಯಾರ ಹುಟ್ಟು ಎಂದು ಯೋಚಿಸಬೇಕಾಗಿರಲಿಲ್ಲ. ಹೆಬ್ಬೆರಳು ಕೂರಲೆಂದು ಹಿಡಿಯ ಮೇಲೆ ಆ ಓರೆ ತಗ್ಗು ತೆಗೆಯುವ ಕೈ ಊರಲ್ಲಿ ಒಂದೇ. ಅವನ ತಾಯಿಯ ಅಕ್ಕ, ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದ ಜೆಮೈಮಾ ದೊಡ್ಡಮ್ಮ. ಅವನ ದೋಣಿಯಲ್ಲಿದ್ದ ಹುಟ್ಟೂ ಅವಳೇ ಕೆತ್ತಿದ್ದು; ಮೂರನೆಯವರಿಗೆ ಅವಳು ಕೆತ್ತಿಕೊಟ್ಟದ್ದಿಲ್ಲ.

ಟಾನಿಸ್ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಕಾಲಲ್ಲಿ ಒಂದು ಒತ್ತು ಒತ್ತಿದರೆ ಹಿಡಿ ಮಣ್ಣಿನೊಳಗೆ ಹೋಗುತ್ತಿತ್ತು, ಉಳಿದದ್ದನ್ನು ಬೀವರ್‌ಗಳೇ ನೋಡಿಕೊಳ್ಳುತ್ತಿದ್ದವು. ಅರವತ್ತೆಂಟರ ಮುದುಕಿ ಜೈಲಿನಲ್ಲಿ ಕೂರುವುದನ್ನು ನೆನೆದ. ಕಾಲು ಮುರಿದು ಜ್ವರದಲ್ಲಿ ಕೆಸರಲ್ಲಿ ಮಲಗಿದ್ದ ಆ ಹೆಂಗಸನ್ನೂ ನೆನೆದ. ಕಾಲು ಹಿಂದಕ್ಕೆ ತೆಗೆದ.

“ಟಾನಿಸ್, ಬಾ ಇಲ್ಲಿ. ಮೊದಲು ಫೋಟೋ ತೆಗಿ. ಆಮೇಲೆ ಎಳಿ.”

ಮಹಜರು ಬರೆದದ್ದು ಅವಳು. ಆ ರಾತ್ರಿ ಆರ್ವಿಲ್ ರೇಡಿಯೋದಲ್ಲಿ ಮೇಲಧಿಕಾರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ವಿಚಾರಣೆಯನ್ನು ಕಾನ್‌ಸ್ಟೇಬಲ್ ಮಾಡಲಿ, ನೀನು ಬಾಯಿ ಹಾಕಬೇಡ ಎಂದು ಆದೇಶವಾಯಿತು.

ಊರಿಗೆ ಮರಳಿ ನೈಬರ್ಗ್‌ನನ್ನು ಕರೆಸಿದರು.

“ಹಳ್ಳದ ದಾರಿ ನಿಂಗೆ ಹೇಳಿದ್ದು ಯಾರು?” ಟಾನಿಸ್ ಕೇಳಿದಳು.

“ಜೆಮೈಮಾ. ಹಿರಿಯರನ್ನ ಏನಾದ್ರೂ ಕೇಳೋಕೆ ನಿಮ್ಮ ಜನರ ಪದ್ಧತಿ ಇದೆಯಲ್ಲ, ಅದರ ಪ್ರಕಾರವೇ ಹೋಗಿದ್ದೆ ಕಣ್ರಿ. ಒಂದು ಚೀಲ ತಂಬಾಕು ಕೈಗಿಟ್ಟೆ, ಆಕೆ ತಗೊಂಡ್ರು. ತಗೊಂಡ ಮೇಲೆ ಕೇಳಿದ್ದಕ್ಕೆ ಸುಳ್ಳು ಹೇಳೋ ಹಾಗಿಲ್ಲವಲ್ಲ. ಪಾಪ, ಒಂದೊಂದು ತಿರುವೂ ಹೇಳಿಕೊಟ್ರು.”

“ಯಾವತ್ತು ಹೊರಡ್ತೀನಿ ಅಂತ ಹೇಳಿದ್ದೆ?”

“ಶನಿವಾರ ಅಂದಿದ್ದೆ. ಹವೆ ಚೆನ್ನಾಗಿತ್ತು, ಬುಧವಾರವೇ ಹೊರಟ್ವಿ.”

ಟಾನಿಸ್ ಆರ್ವಿಲ್‌ನ ಮುಖ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿದ್ದ.

ಜೆಮೈಮಾ ಮನೆಯ ಹಿಂದೆ ಮೀನು ಒಣಗಿಸುವ ಹೊಗೆಗೂಡಿನ ಮುಂದೆ ಕೂತು ಮೀನು ಸೀಳುತ್ತಿದ್ದಳು. ಆರ್ವಿಲ್‌ನನ್ನು ಕಂಡು, “ಬಂದ್ಯಾ. ಊಟ ಆಯ್ತೋ ಇಲ್ವೋ?” ಎಂದಳು. ಟಾನಿಸ್‌ಳ ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಹುಟ್ಟು ನೋಡಿ ಚಾಕು ಕೆಳಗಿಟ್ಟಳು. “ಅಯ್ಯೋ, ಹಿಡಿ ಹೇಗೆ ತಿಂದುಬಿಟ್ಟಿವೆ ನೋಡು.”

“ಅಜ್ಜಿ, ನೀವು ಉತ್ತರ ಕೊಡಲೇಬೇಕು ಅಂತಿಲ್ಲ. ಹೇಳಿದ್ದೆಲ್ಲ ಕೋರ್ಟಿಗೆ ಹೋಗತ್ತೆ,” ಎಂದಳು ಟಾನಿಸ್.

“ಹೋಗಲಿ. ಗುರುವಾರ ನಾನೇ ಕಡಿದೆ. ನೀರು ನುಗ್ಗಿದ ರಭಸಕ್ಕೆ ಹುಟ್ಟೂ ಹೋಯ್ತು. ದೋಣೀನ ದಡದುದ್ದಕ್ಕೂ ಕೋಲಲ್ಲಿ ತಳ್ಳಿಕೊಂಡು ಮನೆಗೆ ಬಂದೆ.”

“ದಾರಿ ಹೇಳಿದ್ದೂ ನೀವೇ ಅಲ್ವಾ?”

“ಹವಾಮಾನ ಕೇಳೋಕೆ ಬಂದಿದಾನೆ ಅಂದ್ಕೊಂಡು ತಂಬಾಕು ತಗೊಂಡ್ಬಿಟ್ಟೆ. ಆಮೇಲೆ ಸುಳ್ಳು ಹೇಳೋಕಾಗತ್ತಾ? ದಾರಿ ಕೇಳಿದ, ಹೇಳಿದೆ. ನೀರು ಇರತ್ತಾ ಅಂತ ಕೇಳಲಿಲ್ಲ.” ಸೀಳಿದ ಮೀನನ್ನು ಪಕ್ಕಕ್ಕೆ ಸರಿಸಿದಳು. “ಶನಿವಾರ ಬರ್ತಾರೆ, ಕೆಸರು ನೋಡಿ ಬೈಕೊಂಡು ವಾಪಸ್ ಹೋಗ್ತಾರೆ, ಇನ್ನು ಆ ಕಡೆ ತಲೆ ಹಾಕಲ್ಲ ಅಂತಿದ್ದೆ. ಅವರು ಆಗಲೇ ಒಳಗಿದ್ದಾರೆ ಅಂತ ಗೊತ್ತಿದ್ರೆ ಕೊಡಲಿ ಮುಟ್ಟುತ್ತಿರಲಿಲ್ಲ ಮಗಾ. ಆ ಹೆಂಗಸಿಗೆ ಹೇಗಿದೆ?”

“ಜ್ವರ ಇಳಿದಿದೆ. ಕಾಲು ಕೂಡೋಕೆ ತಿಂಗಳುಗಳು ಬೇಕು.”

ಜೆಮೈಮಾ ಮೀನಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಆರ್ವಿಲ್‌ಗೆ ತಡೆಯಲಾಗಲಿಲ್ಲ. ಆದೇಶ ಮರೆತು ಅವಳ ಪಕ್ಕ ಕೂತುಬಿಟ್ಟ. “ಅಲ್ಲಿ ಅಂಥದ್ದೇನಿದೆ ದೊಡ್ಡಮ್ಮ?”

“ಏನೂ ಇಲ್ಲ ಕಣೋ. ನಾಲ್ಕು ಮೀನು, ನಾಲ್ಕು ಮರ. ನಮ್ಮ ಮಕ್ಕಳನ್ನ ಬಲವಂತವಾಗಿ ವಸತಿಶಾಲೆಗೆ ಒಯ್ಯೋಕೆ ಸರ್ಕಾರದ ವಿಮಾನ ಬರ್ತಿತ್ತಲ್ಲ, ಆ ಶರತ್ಕಾಲ ಅಮ್ಮ ನನ್ನನ್ನ ಆ ಹಳ್ಳದ ದಾರೀಲಿ ಸರೋವರಕ್ಕೆ ಕರ್ಕೊಂಡು ಹೋಗಿ ಬಚ್ಚಿಟ್ಟಳು. ಅಣ್ಣ ಅಜ್ಜನ ಜೊತೆ ಇಲ್ಲೇ ಇದ್ದ. ಅವನನ್ನ ಒಯ್ದರು.”

ಆ ಮಾವ ಹಿಂದಿರುಗಲಿಲ್ಲ ಎನ್ನುವುದಷ್ಟೇ ಆರ್ವಿಲ್‌ಗೆ ಗೊತ್ತಿತ್ತು. ಈ ಹೊತ್ತಿನವರೆಗೂ ಬಚ್ಚಿಟ್ಟ ಸುದ್ದಿಯನ್ನು ದೊಡ್ಡಮ್ಮ ಯಾರೊಡನೆಯೂ ಎತ್ತಿರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಟಾನಿಸ್ ಬಂಧನದ ಮಾತುಗಳನ್ನು ಓದಿ ಹೇಳಿದಳು. ಜೆಮೈಮಾ ಕೈ ತೊಳೆದು ಎದ್ದು ನಿಂತಳು. ಕೋಳ ಹಾಕಲಿಲ್ಲ. ಜೀಪಿನ ಬಾಗಿಲು ತೆರೆಯುತ್ತಾ ಟಾನಿಸ್ ಮೆಲ್ಲಗೆ ಕೇಳಿದಳು: “ಅಜ್ಜಿ, ಆ ಶಾಲೆ ಮುಚ್ಚಿ ಎಷ್ಟೋ ಕಾಲ ಆಯ್ತು. ವಿಮಾನ ಇನ್ನು ಬರಲ್ಲ. ಆ ದಾರಿ ಇನ್ನು ಯಾರಿಗೋಸ್ಕರ ಮುಚ್ಚಿಡ್ಬೇಕು?”

“ನಿನ್ನ ಮಗಳಿಗೆಷ್ಟು ವರ್ಷ?”

“ಆರು.”

“ಅಮ್ಮ ಬಚ್ಚಿಟ್ಟಾಗ ನಂಗೂ ಆರೇ,” ಎಂದು ಜೆಮೈಮಾ ಜೀಪು ಹತ್ತಿ ಕೂತಳು.