ರಾತ್ರಿರಾಯನ ಕೊನೆಯ ಮಾತು

ಹೆಸರನ್ನು ಅಳಿಸಿ ಕೊಡಬೇಕು ಎಂದು ಆದೀಶ್ ಹೇಳಿದಾಗ ಶೋಧನನಿಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು ಎಂದು ಮಾತ್ರ ಅನಿಸಿತು. ಅವನ ರಿಪೇರಿ ಮೇಜಿನ ಮೇಲಿದ್ದದ್ದು ‘ರಾತ್ರಿರಾಯ’ ಕಾಮಿಕ್ಸಿನ ಹಳೆಯ ಸಂಚಿಕೆಗಳ ಒಂದು ಕಟ್ಟು. ಪ್ರತಿಯೊಂದರ ಒಳಪುಟದ ಮೂಲೆಯಲ್ಲೂ ಪೆನ್ಸಿಲಿನಲ್ಲಿ ‘ಸಮ್ಮೇದ್’ ಎಂದು ಬರೆದಿತ್ತು. ಕೆಲವು ಕಡೆ ರಾತ್ರಿರಾಯನಿಗೆ ಮೀಸೆ ಇಟ್ಟು ನೋಡಿದ್ದೂ ಉಂಟು. ಸಮ್ಮೇದ್ ಶೋಧನನ ಅಣ್ಣ. ಹೋದ ವರ್ಷ ಮೆಲ್ಕಾರಿನ ಹತ್ತಿರ ಲಾರಿ ತಾಗಿ ತೀರಿಕೊಂಡಿದ್ದ. ಮನೆ ಖಾಲಿ ಮಾಡಿ ತವರಿಗೆ ಹೊರಟ ಅತ್ತಿಗೆ ವಿಮಲಾ ಅಟ್ಟದ ಮೇಲಿನ ಕಾಗದವನ್ನೆಲ್ಲ ಗುಜರಿಗೆ ಹಾಕಿದ್ದರು. ಅದರೊಳಗೆ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ಶೋಧನನಿಗೆ ಆಗ ನೆನಪಾಗಲಿಲ್ಲ. ಗುಜರಿಯಿಂದ ಅದು ಬೆಳ್ತಂಗಡಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಆದೀಶನ ಕೈಸೇರಿತ್ತು. ಆದೀಶ್ ಶಾಲೆಯಲ್ಲಿ ಶೋಧನನ ಜೊತೆಗೇ ಓದಿದವನು, ಈಗ ಹಳೆಯ ಕಾಮಿಕ್ಸ್ ಕೂಡಿಹಾಕುವ ಹುಚ್ಚು ಹಿಡಿಸಿಕೊಂಡವನು.

“ಇದು ಅಣ್ಣಂದು” ಎಂದ ಶೋಧನ್.

“ಗೊತ್ತುಂಟು ಮಾರಾಯ. ಹೆಸರು ನೋಡುವಾಗಲೇ ಗೊತ್ತಾಯಿತು. ಆದರೆ ಹೆಸರು ಗೀಚಿದ್ದನ್ನು ಯಾರೂ ಮುಟ್ಟುವುದಿಲ್ಲ.”

ಕಟ್ಟನ್ನು ತನಗೇ ಕೊಡು ಎಂದು ಶೋಧನ್ ಕೇಳಿದ. ಹಣಕ್ಕೆ ಕೊಡುವ ವಸ್ತು ಅಲ್ಲ ಎಂದ ಆದೀಶ್. ಇದಕ್ಕಿಂತ ಚೆನ್ನಾಗಿರುವ ಇನ್ನೊಂದು ಕಟ್ಟು ಅವನ ಕಪಾಟಿನಲ್ಲಿತ್ತು. ಅದರಲ್ಲಿ ಇಲ್ಲದ್ದು ಒಂದನೇ ಸಂಚಿಕೆ ಮಾತ್ರ, ಸಮ್ಮೇದನ ಕಟ್ಟಿನಲ್ಲೂ ಅದಿರಲಿಲ್ಲ. ಯಾರಾದರೂ ಆ ಒಂದನೆಯದನ್ನು ತಂದರೆ, ಬದಲಿಗೆ ಸಮ್ಮೇದನ ಕಟ್ಟನ್ನು ಕೊಡುವುದೆಂದು ಅವನು ಲೆಕ್ಕ ಹಾಕಿದ್ದ. ಹರಿದದ್ದು ಬೇಡ, ರಿಪೇರಿ ಮಾಡಿದ್ದು ಮೊದಲೇ ಬೇಡ. ನಿನ್ನ ಕೈ ತಾಗಿದ್ದೂ ಬೇಡ ಎಂದು ನಕ್ಕ. ಒಳ್ಳೆಯವನೇ ಆದೀಶ್. ಅಣ್ಣನ ಹದಿಮೂರನೇ ದಿನಕ್ಕೆ ಬಂದು ಊಟಕ್ಕೆ ಬಡಿಸಿದ್ದ. ಆದರೆ ಕೂಡಿಹಾಕುವವರಿಗೆ ಕಪಾಟಿನ ಮುಂದೆ ನಿಂತಾಗ ಬೇರೆಯದೇ ಕಣ್ಣು ಬರುತ್ತದೆ.

ಶೋಧನ್ ಆಯಿತು ಎಂದ. ಕಾಗದ ತೇವ ಹಿಡಿದಿದೆ, ಈಗ ರಬ್ಬರ್ ಹಾಕಿದರೆ ಮೇಲಿನ ಪದರವೇ ಎದ್ದು ಬರುತ್ತದೆ, ಒಣಗಿದ ಮೇಲೆ ಹೆಸರು ತೆಗೆಯುವ ಎಂದೂ ಸೇರಿಸಿದ. ಮಾತು ನಿಜವೇ ಆಗಿತ್ತು. ನಿಜ ಹೇಳಿ ದಿನ ದೂಡುವುದು ಸುಲಭ ಎಂದು ಅವನಿಗೆ ಅವತ್ತೇ ಗೊತ್ತಾಯಿತು.

ಅವನ ಕೋಣೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರು ಮಾಳಿಗೆಯಲ್ಲಿತ್ತು. ಮೊದಲು ಕಬಡ್ಡಿ ತಂಡಗಳ ಜೆರ್ಸಿಗೆ ಹೆಸರು, ನಂಬರು ಒತ್ತಿ ಕೊಡುತ್ತಿದ್ದ. ಆ ಹೀಟ್ ಪ್ರೆಸ್ಸನ್ನೇ ಬಿಸಿ ತಗ್ಗಿಸಿ ಈಗ ಹಳೆಯ ಕಾಮಿಕ್ಸ್ ನೇರ ಮಾಡಲು ಬಳಸುತ್ತಿದ್ದ. ಬೆಂಗಳೂರಿನಿಂದ, ದುಬೈಯಿಂದ ಪಾರ್ಸೆಲ್ ಬರುತ್ತಿದ್ದವು. ಕೆಲಸದಲ್ಲಿ ಜಾದೂ ಏನಿಲ್ಲ, ತಾಳ್ಮೆ ಬೇಕು. ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆಯಬೇಕು. ರಬ್ಬರಿನ ಪುಡಿ ಉದುರಿಸಿ ಬೆರಳ ತುದಿಯಲ್ಲಿ ಸುತ್ತ ಸುತ್ತ ಆಡಿಸಬೇಕು, ಉಜ್ಜಬಾರದು. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಸ್ಪಂಜಿಟ್ಟು, ನೀರು ತಾಗದ ಹಾಗೆ ಪುಸ್ತಕಕ್ಕೆ ಸ್ವಲ್ಪ ತೇವ ಕುಡಿಸಬೇಕು. ಆಮೇಲೆ ಬಟರ್ ಪೇಪರಿನ ನಡುವೆ ಇಟ್ಟು ಹದ ಬಿಸಿಯಲ್ಲಿ ಒತ್ತಿ, ಪೂರ್ತಿ ಆರುವ ತನಕ ಭಾರದ ಕೆಳಗೆ ಬಿಡಬೇಕು. ಬಿಸಿ ಹೆಚ್ಚಾದರೆ ಬಣ್ಣ ಹೊಳಪು ಹೊಡೆಯುತ್ತದೆ, ತೇವ ಹೆಚ್ಚಾದರೆ ಪುಟ ಅಲೆಯಾಗುತ್ತದೆ. ಅಣ್ಣ ಹೋದ ಮೇಲೆ ಶೋಧನನ ಕೈ ಇನ್ನೂ ಚೊಕ್ಕಟವಾಗಿತ್ತು. ಒಳಗೆ ಏನೂ ಅಲ್ಲಾಡದವನ ಕೈ ನಡುಗುವುದಾದರೂ ಯಾಕೆ? ಸುಡುಗಾಡಿನಲ್ಲಿ ಅವನು ಅತ್ತಿರಲಿಲ್ಲ. ಆಮೇಲೂ ಅಳು ಬರಲಿಲ್ಲ. ಊಟದ ರುಚಿ ತಿಳಿಯುತ್ತಿರಲಿಲ್ಲ, ಹಾಗೆಂದು ಊಟ ಬಿಟ್ಟವನೂ ಅಲ್ಲ.

ಒಂದನೇ ಸಂಚಿಕೆ ಸಿಕ್ಕಿದ್ದು ಬಿ.ಸಿ.ರೋಡಿನಲ್ಲಿ, ನಿಝಾರನ ಹಳೇ ಪುಸ್ತಕದ ಅಂಗಡಿಯಲ್ಲಿ. ಪಾಣೆಮಂಗಳೂರಿನ ಯಾವುದೋ ಮನೆಯ ಪೆಟ್ಟಿಗೆಯೊಳಗೆ ಬಂದದ್ದಂತೆ. ಮುಖಪುಟ ಚೆನ್ನಾಗಿತ್ತು, ಪಿನ್ನುಗಳು ಮೊದಲಿನವೇ. ಆದರೆ ಕೊನೆಯ ಪುಟದ ಕೆಳಮೂಲೆಯನ್ನು ಗೆದ್ದಲು ತಿಂದಿತ್ತು. ಕೊನೆಯ ಚಿತ್ರದಲ್ಲಿ ಬೆನ್ನು ಹಾಕಿ ಹೊರಟ ರಾತ್ರಿರಾಯ ಉಳಿದಿದ್ದ, ಅವನ ಬಾಯಿಂದ ಹೊರಟ ಮಾತಿನ ಗುಳ್ಳೆ ಇರಲಿಲ್ಲ.

ಅದನ್ನು ಕೈಯಲ್ಲಿ ಹಿಡಿದಾಗಲೇ ಶೋಧನನ ತಲೆಯಲ್ಲಿ ಉಪಾಯ ಪೂರ್ತಿಯಾಗಿ ನಿಂತಿತು. ಮೂಲೆ ತುಂಬಿಸಬೇಕು. ತಾನು ಮುಂದೆ ಬರಬಾರದು, ನಿಝಾರ್ ಕೊಡಬೇಕು. ಆದೀಶ್ ಅದನ್ನು ಪರೀಕ್ಷೆ ಮಾಡಿಸದೆ ತೆಗೆದುಕೊಳ್ಳುವುದಿಲ್ಲ. ಪರೀಕ್ಷೆ ಮಾಡಲು ಇಲ್ಲಿಂದ ಮಂಗಳೂರಿನವರೆಗೆ ಅವನಿಗೆ ಗೊತ್ತಿರುವವನು ಒಬ್ಬನೇ. ಕಳ್ಳನನ್ನೇ ಕರೆದು ಬೀಗ ಗಟ್ಟಿ ಉಂಟಾ ನೋಡು ಎನ್ನುವ ಹಾಗೆ. ಯೋಚನೆಗೆ ಶೋಧನನಿಗೆ ಒಂದಿಷ್ಟು ನಗು ಬಂತು. ನಗು ಬಂದದ್ದು ಅವನಿಗೇ ಆಶ್ಚರ್ಯವಾಯಿತು.

ನಿಝಾರನಿಗೆ ಮನಸ್ಸಿರಲಿಲ್ಲ. ಸಮ್ಮೇದ್ ಪೇಟೆಗೆ ಬಂದಾಗಲೆಲ್ಲ ಅವನ ಅಂಗಡಿಯಲ್ಲಿ ಕೂತು ಹೋಗುತ್ತಿದ್ದವನು, ಅದೊಂದೇ ಅವನನ್ನು ಮೆತ್ತಗೆ ಮಾಡಿದ್ದು.

“ಇದು ಮೋಸ ಅಲ್ವಾ ಶೋಧನ್?”

“ಅಣ್ಣನ ಹೆಸರು ಅಳಿಸುವುದು ಏನು ಹಾಗಾದರೆ?”

ಕೊನೆಗೆ ನಿಝಾರ್, ಬಾಯಿಬಿಟ್ಟು ಸುಳ್ಳು ಹೇಳುವುದಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿದ. ಪೆಟ್ಟಿಗೆಯಲ್ಲಿ ಬಂದದ್ದು ಎಂದಷ್ಟೇ ಹೇಳುತ್ತೇನೆ, ಮತ್ತೆ ಕೇಳಿದರೆ ನಗುತ್ತೇನೆ ಎಂದ. ಶೋಧನನಿಗೆ ಅಷ್ಟೇ ಬೇಕಾಗಿದ್ದದ್ದು.

ಆ ಮೂಲೆಯ ಮೇಲೆ ಅವನು ತನ್ನ ವಿದ್ಯೆಯನ್ನೆಲ್ಲ ಸುರಿದ. ತೇಪೆಗೆ ಹೊಸ ಕಾಗದ ಆಗದು, ನೋಟು ನೋಡುವ ನೀಲಿ ಟಾರ್ಚ್ ಬಿಟ್ಟರೆ ಅದು ಬೆಳ್ಳಗೆ ಹೊಳೆಯುತ್ತದೆ. ಹಾಗಾಗಿ ಅದೇ ಕಾಲದ, ಅದೇ ಪ್ರೆಸ್ಸಿನ ಬೇರೊಂದು ಪುಸ್ತಕದಿಂದ ಜಾಹೀರಾತಿಲ್ಲದ ಖಾಲಿ ಅಂಚನ್ನು ತೆಗೆದ. ಎರಡೂ ಕಾಗದದ ಅಂಚುಗಳನ್ನು ಬ್ಲೇಡಿನಲ್ಲಿ ಹೆರೆದು ತೆಳು ಮಾಡಿ, ಒಂದರ ಮೇಲೊಂದು ಕೂರಿಸಿ, ಸೋಸಿದ ಮೈದಾ ಅಂಟು ಹಚ್ಚಿದ. ಅಂಗಡಿಯ ಗೋಂದು ಹಾಕಿದ್ದರೆ ನಾಲ್ಕು ವರ್ಷದಲ್ಲಿ ಹಳದಿಯಾಗುತ್ತಿತ್ತು. ಒತ್ತಿ ಆರಿಸಿದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದ. ಕೂಡುಗೆರೆ ಬೆರಳಿಗೆ ಸಿಗಲಿಲ್ಲ.

ಉಳಿದದ್ದು ಮಾತು. ಕಾಮಿಕ್ಸ್ ಕೂಡಿಹಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಹುಡುಕಿದ, ಎಲ್ಲರೂ ಮುಖಪುಟದ ಫೋಟೋ ಹಾಕಿ ಹೆಮ್ಮೆಪಟ್ಟುಕೊಂಡಿದ್ದರೇ ಹೊರತು ಕೊನೆಯ ಪುಟವನ್ನು ಯಾರೂ ತೋರಿಸಿರಲಿಲ್ಲ. ಒಳ್ಳೆಯದೇ ಆಯಿತು. ಹೋಲಿಸಿ ನೋಡಲು ಯಾರಿಗೂ ಏನೂ ಇಲ್ಲ. ಅವನಿಗೂ ನೋಡುವ ಅಗತ್ಯವಿರಲಿಲ್ಲ, ಆ ಮಾತು ಬಾಯಿಪಾಠ ಇತ್ತು. ಶಾಲೆಗೆ ಸೇರುವ ಮೊದಲು, ಅಕ್ಷರ ಗೊತ್ತಿಲ್ಲದ ಕಾಲದಲ್ಲಿ, ಅಣ್ಣ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರದ ಮೇಲೆ ಬೆರಳಿಟ್ಟು ದೊಡ್ಡದಾಗಿ ಓದುತ್ತಿದ್ದ. ಪುಸ್ತಕ ಬಿಡಿಬಿಡಿಯಾಗಿ ಉದುರಿ ಹೋಗುವ ತನಕ ಓದಿದ್ದ. ಕೊನೆಯ ಪುಟ ಬಂದಾಗ ದನಿ ದಪ್ಪ ಮಾಡುತ್ತಿದ್ದ: ‘ನಾನೀಗ ಹೋಗ್ತೇನೆ. ನೀವು ಕರೆದ ದಿನ ಬರ್ತೇನೆ.’

ಅಕ್ಷರಗಳನ್ನು ಶೋಧನ್ ತನ್ನ ಕೈಬರಹದಲ್ಲಿ ಬರೆಯುವಷ್ಟು ದಡ್ಡನಲ್ಲ. ಪ್ರತಿಯೊಂದನ್ನೂ ಅದೇ ಸಂಚಿಕೆಯ ಬೇರೆ ಗುಳ್ಳೆಗಳಿಂದ ಭೂತಕನ್ನಡಿ ಹಿಡಿದು ಎತ್ತಿದ. ಒಂದು ಕಡೆಯಿಂದ ‘ನಾ’, ಇನ್ನೊಂದು ಕಡೆಯಿಂದ ‘ಹೋ’, ‘ಮನೆ’ಯಿಂದ ‘ನೆ’. ‘ತೇ’ ಮಾತ್ರ ಸತಾಯಿಸಿತು. ಪುಟ ಪುಟ ಮಗುಚಿದರೂ ಸಿಗಲಿಲ್ಲ. ಕೊನೆಗೆ ಹೊಳೆಯ ದೃಶ್ಯದಲ್ಲಿ ‘ತೇಲುವ ಹೆಣ’ ಎಂಬಲ್ಲಿ ಒಂದು ಸಿಕ್ಕಿತು. ಅದನ್ನೇ ‘ಬರ್ತೇನೆ’ಗೆ ಬಳಸಿದ, ಅದರ ಏತ್ವ ದೀರ್ಘವನ್ನೇ ಕೂದಲೆಳೆಯಷ್ಟು ಓರೆ ಮಾಡಿ ‘ಹೋಗ್ತೇನೆ’ಯ ‘ಗ’ಕ್ಕೆ ಏರಿಸಿದ. ಶಾಯಿ ಆರಿದ ಮೇಲೆ ರಬ್ಬರಿನ ಪುಡಿಯಲ್ಲಿ ಸ್ವಲ್ಪ ಮಾಸಿಸಿದ. ಓದಿ ನೋಡಿದ. ಅಣ್ಣ ಹೇಳಿದ ಹಾಗೆಯೇ ಕೇಳಿಸಿತು. ಆಗ ಎದೆಯಲ್ಲಿ ಏನೋ ಅಲ್ಲಾಡಿದ ಹಾಗಾಯಿತು, ಆದರೆ ಮೇಲೆ ಬರಲಿಲ್ಲ.

ಮುಂದಿನದ್ದೆಲ್ಲ ಅವನು ಎಣಿಸಿದ ಹಾಗೆಯೇ ನಡೆಯಿತು. ನಿಝಾರ್ ಫೋಟೋ ಕಳಿಸಿದ, ಆದೀಶನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬದಲಿಗೆ ಆ ಕಟ್ಟನ್ನು ಹೆಸರು ಇದ್ದ ಹಾಗೆಯೇ ಕೊಟ್ಟರೆ ಸಾಕು ಎಂದು ನಿಝಾರ್ ಹೇಳಿದ. ಆದೀಶ್ ಶೋಧನನ ಕೋಣೆಯಿಂದ ಕಟ್ಟನ್ನು ತರಿಸಿಕೊಂಡ, ಜೊತೆಗೆ ಶೋಧನನನ್ನೂ ಕರೆದ. ನೀನು ನೋಡಿ ಹೂಂ ಎಂದರೆ ಮಾತ್ರ ವ್ಯಾಪಾರ ಎಂದ.

ಆದಿತ್ಯವಾರ ಮಧ್ಯಾಹ್ನ ಶೋಧನ್ ವೇಣೂರು ಮಾರ್ಗದ ಬಸ್ಸು ಹತ್ತಿ ಬೆಳ್ತಂಗಡಿಗೆ ಹೋದ. ನಿಝಾರ್ ಮೊದಲೇ ಬಂದು ಸೋಫಾದ ತುದಿಯಲ್ಲಿ ಕೂತಿದ್ದ. ಹೊಸಬರ ಮನೆಗೆ ಹೆಣ್ಣು ನೋಡಲು ಬಂದವನ ಹಾಗಿದ್ದ. ಶೋಧನ್ ಅವಸರ ಮಾಡಲಿಲ್ಲ. ಕೈ ತೊಳೆದು ಒರೆಸಿ, ಪುಟ ಪುಟವನ್ನೂ ಬೆಳಕಿಗೆ ಹಿಡಿದ. ನೀಲಿ ಟಾರ್ಚನ್ನು ಆದೀಶನ ಕೈಗೇ ಕೊಟ್ಟು, ನೀನೇ ಬಿಟ್ಟು ನೋಡು ಎಂದ. ಏನೂ ಹೊಳೆಯಲಿಲ್ಲ. ಎಲ್ಲ ಚೆನ್ನಾಗಿದೆ ಎಂದರೆ ಅನುಮಾನ ಬರುತ್ತದೆಂದು, ಮೇಲಿನ ಪಿನ್ನಿಗೆ ತುಕ್ಕು ಹಿಡಿದದ್ದನ್ನು ತೋರಿಸಿ ಮುಖ ಸಣ್ಣದು ಮಾಡಿದ. ಆದೀಶ್ ಅದನ್ನು ಕೇಳಿ ಇನ್ನಷ್ಟು ನಂಬಿದ. ಶೋಧನ್ ಭೂತಕನ್ನಡಿಯನ್ನು ಕೊನೆಯ ಮೂಲೆಯ ಮೇಲೂ ಇಟ್ಟು, ಗುಳ್ಳೆಯ ಮಾತನ್ನು ತಾನೇ ಓದಿ, ತಲೆಯಾಡಿಸಿ ತೆಗೆದ.

“ಹೂಂ” ಎಂದ ಶೋಧನ್. “ಯಾರ ಕೈಯೂ ತಾಗಲಿಲ್ಲ.”

ಆದೀಶ್ ಕಪಾಟಿನಿಂದ ಸಮ್ಮೇದನ ಕಟ್ಟನ್ನು ತಂದು ನಿಝಾರನ ಮುಂದಿಟ್ಟ. ಮೇಲಿದ್ದ ಸಂಚಿಕೆಯ ಮೂಲೆಯಲ್ಲಿ ಪೆನ್ಸಿಲಿನ ಹೆಸರು ಕಾಣುತ್ತಿತ್ತು. ಶೋಧನ್ ಅದನ್ನು ನೋಡದೆ ಕಿಟಕಿಯ ಕಡೆ ಮುಖ ಮಾಡಿದ. ಇನ್ನು ಬಸ್‌ಸ್ಟ್ಯಾಂಡಿನವರೆಗೆ ಬೇರೆ ಬೇರೆ ಹೋದರೆ ಆಯಿತು. ಮನೆಗೆ ಹೋಗಿ ಬಾಗಿಲು ಹಾಕಿ ಆ ಮೀಸೆಗಳನ್ನು ಒಂದೊಂದೇ ನೋಡುವುದು. ಆಗ ಬಹುಶಃ ಅಳು ಬರಬಹುದು. ಒಂದು ವರ್ಷದಲ್ಲಿ ಅವನು ಬಯಸಿದ್ದು ಅದೊಂದನ್ನೇ.

ಅಷ್ಟರಲ್ಲಿ ಆದೀಶನ ಹೆಂಡತಿ ಸುಪ್ರೀತಾ ಕಾಫಿ ತಂದಳು. ಅವಳು ಶ್ರವಣಬೆಳಗೊಳದ ಕಡೆಯವಳು, ತುಳು ಇನ್ನೂ ಪೂರ್ತಿ ಬಾರದು. ಹಾಗಾಗಿ ಅವಳು ಬಂದ ಕೂಡಲೇ ಗಂಡಸರ ಮಾತೆಲ್ಲ ಕನ್ನಡಕ್ಕೆ ತಿರುಗಿತು. ಆದೀಶ್ ಹೊಸ ಮಗುವನ್ನು ಕೊಡುವ ಹಾಗೆ ಸಂಚಿಕೆಯನ್ನು ಎರಡೂ ಕೈಯಲ್ಲಿ ಅವಳ ಕೈಗೆ ಕೊಟ್ಟ. ಅವಳು ಕೂತು ನಿಜವಾಗಿಯೂ ಓದತೊಡಗಿದಳು. ಆ ಮನೆಯಲ್ಲಿ ಅದನ್ನು ಮೊದಲ ಪುಟದಿಂದ ಕತೆಯಾಗಿ ಓದಿದವಳು ಅವಳೊಬ್ಬಳೇ. ಗಂಡಸರು ಕಾಫಿ ಮುಗಿಸಿ ಪಿನ್ನಿನ ತುಕ್ಕಿನ ಬಗ್ಗೆ ಮಾತಾಡಿದರು. ನಿಝಾರ್ ಹೊರಡಲೆಂದು ಕಟ್ಟಿನ ಮೇಲೆ ಕೈ ಇಟ್ಟ. ಆಗ ಅವಳು ಕೊನೆಯ ಪುಟಕ್ಕೆ ಬಂದು ನಕ್ಕಳು.

“ಇದೇನ್ರೀ, ಇವನು ಕೊನೇಲಿ ನಿಮ್ಮೂರವನಾಗ್ಬಿಟ್ಟ?”

ಯಾಕೆ ಎಂದು ಆದೀಶ್ ಕೇಳಿದ. ಅವನಿಗೆ ನಿಜಕ್ಕೂ ಗೊತ್ತಾಗಲಿಲ್ಲ, ಶೋಧನನಿಗೂ ಆಗಲಿಲ್ಲ.

“ಪುಸ್ತಕ ಪೂರ್ತಿ ‘ಹಿಡೀತೀನಿ’, ‘ಬಿಡ್ತೀನಿ’, ‘ನೋಡ್ಕೋತೀನಿ’ ಅಂತಾನೆ. ಇಲ್ಲಿ ಮಾತ್ರ ‘ಹೋಗ್ತೇನೆ, ಬರ್ತೇನೆ’ ಅಂತಿದ್ದಾನೆ, ನೋಡಿ” ಎಂದು ಸುಪ್ರೀತಾ ಪುಟ ಹಿಂದೆ ತಿರುಗಿಸಿ ಬೆರಳಿಟ್ಟಳು. ಆದೀಶ್ ಆ ಪುಟ ನೋಡಿದ, ಕೊನೆಯ ಮೂಲೆ ನೋಡಿದ, ಆಮೇಲೆ ಶೋಧನನ ಬೆರಳುಗಳನ್ನು ನೋಡಿದ. ನಿಝಾರನ ಕೈಯಡಿಯಿಂದ ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡ. ಶೋಧನ್ ಬಗ್ಗಿ ನೋಡಿದ. ‘ಬಿಡ್ತೀನಿ’ ಎಂದೇ ಅಚ್ಚಾಗಿತ್ತು. ವಾರಗಟ್ಟಲೆ ಭೂತಕನ್ನಡಿಯಲ್ಲಿ ನೋಡಿದ ಪುಟ ಅದು, ಆದರೆ ಈಗಲೂ ಮನಸ್ಸಿನಲ್ಲಿ ಅದು ‘ಬಿಡ್ತೇನೆ’ ಎಂದೇ ಕೇಳಿಸಿತು, ಅಣ್ಣನ ದನಿಯಲ್ಲಿ. ಕಣ್ಣು ತುಂಬಿ ಅಕ್ಷರ ಮಸುಕಾಯಿತು. ಬೆಂಗಳೂರಿನಲ್ಲಿ ಅಚ್ಚಾದ ಒಂದೊಂದು ‘ತೀನಿ’ಯನ್ನೂ ಸಮ್ಮೇದ್ ತನಗೇ ತಿಳಿಯದೆ ‘ತೇನೆ’ ಮಾಡಿ ಓದಿ ಹೇಳಿದ್ದ.