ಟೀಚರಮ್ಮ ಕಟ್ಟಿದ ಪಣ

ಊಟದ ವಿರಾಮಕ್ಕೆ ಐದು ನಿಮಿಷ ಇರುವಾಗ ಇಸ್ಪೀಟ್ ಎಲೆ ಹಂಚುವವಳ ಬೆರಳಿಗೆ ಏನೋ ತಾಗಿತು. ಎಕ್ಕದ ಅಂಚಿನಲ್ಲಿ ಉಗುರಿನ ಗೀರು. ನಾಲ್ಕು ಎಕ್ಕ, ನಾಲ್ಕು ರಾಜ, ಎಂಟಕ್ಕೂ ಇತ್ತು. ಪೋಕರ್ ಪಂದ್ಯಾವಳಿಯ ಕೊನೆಯ ಮೇಜಿನಲ್ಲಿ ಯಾರೋ ಎದುರಾಳಿಯ ಎಲೆಗಳನ್ನು ಬೆನ್ನಿನಿಂದಲೇ ಓದುತ್ತಿದ್ದರು.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ತೀರ್ಪು ಆಗಿಯೇ ಹೋಗಿತ್ತು.

"ಆಯಮ್ಮನೇ ಸಾರ್," ಎಂದರು ಆಟಗಾರರಲ್ಲೊಬ್ಬರಾದ ಹಲ್ಲಿನ ಡಾಕ್ಟರು. "ಪಣ ಕಟ್ಟೋಕೆ ಮುಂಚೆ ಪ್ರತಿ ಸಲ ತಲೆ ಎತ್ತಿ ಎಲ್ಲೋ ನೋಡ್ತಾರೆ. ಗೀರು ನೋಡಿ ಯಾರೋ ಸನ್ನೆ ಮಾಡ್ತಿದ್ದಾರೆ."

ಆಯಮ್ಮ ಎಂದರೆ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಟೀಚರಮ್ಮ. ಅವರ ಹೆಸರು ಹೊಡೆದುಹಾಕಲು ಸಂಘಟಕ ಪೆನ್ನು ತೆಗೆದಿದ್ದ.

"ಸೋತು ಮನೆಗೆ ಹೋಗ್ತೀನಿ ಸಾರ್. ಕಳ್ಳಿ ಅನ್ನಿಸಿಕೊಂಡು ಹೋಗಲ್ಲ," ಎಂದರು ಟೀಚರಮ್ಮ.

* * *

ಪ್ರತಿ ಆಟಗಾರರ ಎಲೆಯೂ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಇನ್ಸ್‌ಪೆಕ್ಟರ್ ಮೂರು ಗಂಟೆ ಕೂತು ನೋಡಿದರು. ಟೀಚರಮ್ಮನಿಗೆ ಜೋಡಿ ಎಕ್ಕ ಬಂದಾಗ ಒಮ್ಮೆ ಕನಿಷ್ಠ ಪಣದ ಎರಡರಷ್ಟು, ಇನ್ನೊಮ್ಮೆ ನಾಲ್ಕರಷ್ಟು. ಕೆಲಸಕ್ಕೆ ಬಾರದ ಎಲೆ ಇಟ್ಟುಕೊಂಡು ಆಡಿದಾಗಲೂ ಹಾಗೇ. ಒಳ್ಳೆಯ ಎಲೆ ಬಂದರೆ ಪಣ ತಾನಾಗಿ ದೊಡ್ಡದಾಗುವುದು ಮನುಷ್ಯ ಸ್ವಭಾವ. ಈ ಹೆಂಗಸಿನದು ಆಗುತ್ತಿರಲಿಲ್ಲ.

"ತಲೆ ಎತ್ತಿ ಏನು ನೋಡ್ತೀರಮ್ಮ?"

"ಗೋಡೆ ಗಡಿಯಾರ. ಸೆಕೆಂಡ್ ಮುಳ್ಳು ಮೊದಲ ಇಪ್ಪತ್ತರಲ್ಲಿದ್ರೆ ಎರಡರಷ್ಟು, ಆಮೇಲಿನ ಇಪ್ಪತ್ತರಲ್ಲಿ ಮೂರರಷ್ಟು, ಕೊನೇ ಇಪ್ಪತ್ತರಲ್ಲಿ ನಾಲ್ಕರಷ್ಟು. ನಾನೇ ಆರಿಸಿದ್ರೆ ಆಸೆ, ಹೆದರಿಕೆ ಎರಡೂ ಪಣದಲ್ಲಿ ಕಾಣುತ್ತೆ. ಮುಳ್ಳಿಗೆ ಅವೆರಡೂ ಇಲ್ಲ."

ಭಲೇ ಎಂದುಕೊಂಡರು ಇನ್ಸ್‌ಪೆಕ್ಟರ್. ಮತ್ತೆ ಒಂದು ಗಂಟೆ ಕ್ಯಾಮೆರಾದ ಮುಂದೆ ಕೂತರು. ಈ ಸಲ ನೋಡಿದ್ದು ಉಳಿದವರನ್ನು.

* * *

ಎಲ್ಲರನ್ನೂ ಮೇಜಿಗೆ ಕರೆಸಿ ಮೊದಲು ಗಡಿಯಾರದ ವಿಷಯ ಹೇಳಿದರು. ಆಮೇಲೆ, "ಟೀಚರಮ್ಮ ಜೋಡಿ ರಾಜ ಹಿಡ್ಕೊಂಡು ಇದೇ ಮೇಜಲ್ಲಿ ಆಡ್ತಿರೋ ಬಸ್ ಡ್ರೈವರಣ್ಣನ ಜೋಡಿ ಎಕ್ಕಕ್ಕೆ ತಮ್ಮ ಪಣದ ಬಿಲ್ಲೆಗಳಲ್ಲಿ ಅರ್ಧ ಕಳ್ಕೊಂಡ್ರು. ಗೀರು ಗೊತ್ತಿದ್ದವರು ಹಗಲು ಕಂಡ ಬಾವೀಲಿ ಬೀಳ್ತಾರಾ?"

ಇನ್ಸ್‌ಪೆಕ್ಟರ್ ಮೇಜಿನ ಸುತ್ತ ಒಮ್ಮೆ ಕಣ್ಣಾಡಿಸಿದರು.

"ಈ ಗೀರಿನ ಕಟ್ಟಲ್ಲಿ ಜೋಡಿ ಎಕ್ಕ ಇಲ್ಲಾ ಜೋಡಿ ರಾಜ ಹಿಡಿದು ಟೀಚರಮ್ಮ ಒಂಬತ್ತು ಸಲ ಪಣ ಕಟ್ಟಿದ್ದಾರೆ. ಪಣ ಸಣ್ಣದಿದ್ದಾಗ ಮಿಕ್ಕವರೆಲ್ಲ ಮೇಲೆ ಬಿದ್ದು ಸೋತ್ರು. ಒಬ್ರು ಮಾತ್ರ ಒಂಬತ್ತು ಸಲಾನೂ ಆಟ ಬಿಟ್ರು. ಆದರೆ ಟೀಚರಮ್ಮನಿಗೆ ಜೋಡಿ ರಾಣಿ ಬಂದಾಗ ಅವರೂ ಎಲ್ಲರ ಹಾಗೆ ಮೋಸ ಹೋದ್ರು. ಯಾಕೆ? ರಾಣಿಗೆ ಗೀರಿರಲಿಲ್ಲ."

ಡಾಕ್ಟರ ಬಲಗೈ ಮೆಲ್ಲಗೆ ಮೇಜಿನ ಕೆಳಗೆ ಸರಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

"ಎರಡೂ ಕೈ ಮೇಜಿನ ಮೇಲಿಡಿ ಡಾಕ್ಟ್ರೇ."

ಒಂಬತ್ತು ಉಗುರು ಬುಡಕ್ಕೆ ಕತ್ತರಿಸಿದ್ದವು. ಬಲ ಹೆಬ್ಬೆರಳಿನದು ಮಾತ್ರ ಉದ್ದ, ಚೂಪು.

"ಬಾಯೊಳಗೆ ಕೈ ಹಾಕೋರಿಗೆ ಈ ಉಗುರು ಯಾಕೆ?"

ಡಾಕ್ಟರು ತಲೆ ತಗ್ಗಿಸಿದರು. "ಎರಡು ದಿನ ನೇರವಾಗೇ ಆಡಿದೆ ಸಾರ್. ಆಯಮ್ಮನ ಪಣ ಒಂದೂ ಅರ್ಥ ಆಗ್ಲಿಲ್ಲ."

ಟೀಚರಮ್ಮನಿಗೆ ಇದಕ್ಕಿಂತ ದೊಡ್ಡ ಬಿರುದನ್ನು ಯಾವ ಸಂಘಟಕನೂ ಕೊಡಲಾರ.

ಹೊಸ ಇಸ್ಪೀಟ್ ಕಟ್ಟು ಬಂತು. ಹೊರಡುವ ಮುಂಚೆ ಇನ್ಸ್‌ಪೆಕ್ಟರ್ ಸಂಕೋಚದಿಂದ ಅಂದರು: "ನಿಮ್ಮ ಗಡಿಯಾರದ ಗುಟ್ಟು ನನ್ನಿಂದ ರಟ್ಟಾಯ್ತಲ್ಲಮ್ಮ."

"ಆಗ್ಲಿ ಬಿಡಿ ಸಾರ್. ಗಡಿಯಾರ ನೋಡಿದ್ರೆ ಎಷ್ಟು ಕಟ್ತೀನಿ ಅಂತ ಗೊತ್ತಾಗುತ್ತೆ. ಕೈಯಲ್ಲೇನಿದೆ ಅಂತ ಗಡಿಯಾರಕ್ಕೂ ಗೊತ್ತಿಲ್ಲ."