ಕುಲುಮೆಯ ಪಕ್ಕದ ಹಾಲು

ಸೊಸೆಯ ಸೂಟ್‌ಕೇಸನ್ನು ಅತ್ತೆ ತಾವೇ ಎಳೆದು ತಂದು ಮುಂಬಾಗಿಲ ಬಳಿ ನಿಲ್ಲಿಸಿದರು. ಅದರ ಒಂದು ಚಕ್ರ ಮುರಿದಿತ್ತು. ಹಾಗಾಗಿ ನಡುಮನೆಯುದ್ದಕ್ಕೂ ಅದು ಕಿರ್ರೋ ಎಂದು ಗೋಳಾಡಿಕೊಂಡೇ ಬಂತು. ಆ ಹೊತ್ತಿಗೆ ಮನೆಯಲ್ಲಿ ಗೋಳಾಡಿದ್ದು ಅದೊಂದೇ. ಸೊಸೆ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ನಿಂತು ನೋಡಿದಳು, ಅಷ್ಟೇ.

"ನಿಮ್ಮಮ್ಮನ ಮನೇಲಿ ಸ್ವಲ್ಪ ದಿನ ಇರು," ಎಂದರು ಅತ್ತೆ. "ಸ್ವಲ್ಪ ಅಂದರೆ ಎಷ್ಟು ಅಂತ ಆಮೇಲೆ ಹೇಳಿ ಕಳಿಸ್ತೀನಿ."

"ನನ್ನ ಕತ್ತರಿ ಹಾಕಿಲ್ಲ ಅತ್ತೆ. ಬಟ್ಟೆ ಕತ್ತರಿಸೋ ದೊಡ್ಡದು. ಅದಿಲ್ಲದೆ ನಾನೆಲ್ಲೂ ಹೋಗಲ್ಲ."

"ಅದನ್ನ ನೀನೇ ಹಾಕ್ಕೋ," ಎಂದು ಅತ್ತೆ ಅಡುಗೆಮನೆಗೆ ನಡೆದರು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು.

ಬೀದಿಯವರು ಅತ್ತೆಯನ್ನು ಹಾಲಮ್ಮ ಎಂದೇ ಕರೆಯುತ್ತಿದ್ದರು. ಆಕೆ ಹಾಲು ಮಾರುವವರೇನಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಗಂಡ ಮತ್ತು ಮಗ ಹಳೆಯ ಬ್ಯಾಟರಿಗಳನ್ನು ಬಿಚ್ಚಿ, ಸೀಸ ಕರಗಿಸಿ, ಹೊಸ ಪ್ಲೇಟು ಎರಕ ಹೊಯ್ಯುತ್ತಿದ್ದರು. ಅವರಿಗೆಂದು ಹಾಲಮ್ಮ ದಿನಾ ಮಧ್ಯಾಹ್ನ ಎರಡು ದೊಡ್ಡ ಸ್ಟೀಲ್ ಲೋಟಗಳಲ್ಲಿ ಬಿಸಿ ಹಾಲು ಹಿಡಿದು ಹಿತ್ತಲು ದಾಟುವುದನ್ನು ಅಕ್ಕಪಕ್ಕದವರು ನೋಡಿಯೇ ಇದ್ದರು. ಜ್ವರ ಬಂದ ದಿನವೂ ಅದು ತಪ್ಪಿದ್ದಿಲ್ಲ. ಸೀಸದ ಕೆಲಸ ಮಾಡುವವರ ಮೈಗೆ ವಿಷ ಸೇರುತ್ತದೆ, ಹಾಲು ಅದನ್ನು ತೊಳೆದು ಹಾಕುತ್ತದೆ ಎಂದು ಗಂಡನಿಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿದ್ದ. ಆ ಕಸುಬಿನವರೆಲ್ಲ ನಂಬಿದ ಮಾತು ಅದು. ನಂಬುವುದರಲ್ಲಿ ಹಾಲಮ್ಮ ಎಲ್ಲರಿಗಿಂತ ಒಂದು ಕೈ ಮೇಲು.

ಈಗಿನ ಸಿಟ್ಟಿಗೂ ಆ ಹಾಲೇ ಕಾರಣ. ಕಳೆದ ವಾರ ಮಗ ಲೋಟ ಮುಟ್ಟದೆ, ಇನ್ನು ಮೇಲೆ ಶೆಡ್ಡಿಗೆ ಹಾಲು ತರಬೇಡಮ್ಮ ಎಂದುಬಿಟ್ಟಿದ್ದ. ಯಾಕೆ ಎಂದು ಕೇಳಿದರೆ ಮುಖ ತಿರುಗಿಸಿದ. ಹಾಲಮ್ಮ ಅಂದು ಊಟ ಬಿಟ್ಟು ಮಲಗಿದರು. ಮರುದಿನ ಮಗ ಸುಮ್ಮನೆ ಕುಡಿದ, ಆದರೆ ಆಕೆಯ ಎದೆಯಲ್ಲಿ ಮುಳ್ಳು ಮುರಿದುಕೊಂಡಿತ್ತು. ಹೆತ್ತ ತಾಯಿಯ ಕೈಯ ಹಾಲು ಬೇಡವೆನ್ನುವ ಬುದ್ಧಿ ಅವನದಲ್ಲ, ಅದು ಕಿವಿ ಊದಿದವಳದು! ಮದುವೆಯಾಗಿ ಐದು ವರ್ಷವಾದರೂ ತೊಟ್ಟಿಲು ತೂಗುವ ಯೋಗ ತರದವಳು, ಇದ್ದ ಒಬ್ಬ ಮಗನನ್ನೂ ಕಿತ್ತುಕೊಳ್ಳುತ್ತಿದ್ದಾಳಲ್ಲ... ಒಮ್ಮೆ ತೀರ್ಮಾನಕ್ಕೆ ಬಂದರೆ ಹಾಲಮ್ಮ ಎರಡನೇ ಸಲ ಯೋಚಿಸುವವರಲ್ಲ. ಆ ಗಟ್ಟಿತನದಿಂದಲೇ ಈ ಮನೆ ನಿಂತಿತ್ತು. ಅದೇ ಗಟ್ಟಿತನದಿಂದ ಸೂಟ್‌ಕೇಸೂ ಬಾಗಿಲಿಗೆ ಬಂದಿತ್ತು.

ಶೆಡ್ಡಿನಲ್ಲಿ ಕುಲುಮೆಗೆ ಗಾಳಿ ಊದುವ ಫ್ಯಾನು ಗುಂಯ್‌ಗುಡುತ್ತಿತ್ತು. ಬಾಣಲೆಯಲ್ಲಿ ಕರಗಿದ ಸೀಸ ಹೊಳೆಯುತ್ತಿತ್ತು. ಮಗ ಅದರ ಮೇಲೆ ಕಟ್ಟಿದ ಬೂದುಬಣ್ಣದ ಕಿಟ್ಟವನ್ನು ಸೌಟಿನಿಂದ ಬಳಿದು ಪಕ್ಕದ ಡಬ್ಬಕ್ಕೆ ಹಾಕುತ್ತಿದ್ದ. ಪ್ರತಿ ಸಲ ಹಾಕಿದಾಗಲೂ ಸಣ್ಣ ಧೂಳು ಎದ್ದು ಬೆಂಚು, ಗೋಡೆ, ಅವನ ತೋಳು ಎಲ್ಲದರ ಮೇಲೂ ಕೂರುತ್ತಿತ್ತು. ಹಾಲಮ್ಮ ಲೋಟಗಳನ್ನು ಎಂದಿನಂತೆ ಕುಲುಮೆಯ ಪಕ್ಕದ ಇಟ್ಟಿಗೆಯ ಮೇಲೆ ಇಟ್ಟರು. ಅಲ್ಲಿಟ್ಟರೆ ಹಾಲು ಆರುವುದಿಲ್ಲ. ಕೆಲಸ ಮುಗಿಯುವವರೆಗೆ ಅದು ಅಲ್ಲೇ ಕಾದು ದಪ್ಪಗೆ ಕೆನೆ ಕಟ್ಟುತ್ತಿತ್ತು. ಆ ಕೆನೆಯನ್ನು ಬೆರಳಲ್ಲಿ ಎತ್ತಿ ತಿನ್ನುವುದು ಮಗನಿಗೆ ಚಿಕ್ಕಂದಿನಿಂದ ಬಂದ ಚಟ.

"ಅವಳನ್ನ ತವರಿಗೆ ಬಿಟ್ಟು ಬಾ," ಎಂದರು ಹಾಲಮ್ಮ. "ಸೂಟ್‌ಕೇಸ್ ಹೊರಗಿಟ್ಟಿದ್ದೀನಿ. ಮುಂದಿನದು ನಾನು ನೋಡ್ಕೋತೀನಿ."

ಮೂಲೆಯಲ್ಲಿ ಬ್ಯಾಟರಿ ಒಡೆಯುತ್ತಿದ್ದ ಗಂಡ ಸುತ್ತಿಗೆ ನಿಲ್ಲಿಸಿದರು. ಮಗ ಸೌಟು ಕೆಳಗಿಟ್ಟ. ಬೆಂಕಿಯ ಬಿಸಿಗೋ ಏನೋ ಅವನ ಮುಖ ಕೆಂಪಾಗಿತ್ತು.

"ಅವಳನ್ನ ಯಾಕಮ್ಮ ಕಳಿಸ್ತೀಯ? ಕೊರತೆ ಇರೋದು ನನ್ನಲ್ಲಿ."

ಹಾಲಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಹೆಂಡತಿಯನ್ನು ಉಳಿಸಿಕೊಳ್ಳಲು ಗಂಡಸರು ಹೇಳುವ ಮಾತಿರಬೇಕು ಎಂದುಕೊಂಡರು. ಮಗ ಕಣ್ಣು ತಗ್ಗಿಸದೆ ಉಳಿದದ್ದನ್ನೂ ಹೇಳಿದ. ಇಬ್ಬರೂ ಆಸ್ಪತ್ರೆಗೆ ಹೋಗಲು ಶುರುಮಾಡಿ ತಿಂಗಳುಗಳೇ ಆಗಿದ್ದವು. ಅವಳಲ್ಲಿ ಯಾವ ದೋಷವೂ ಸಿಗಲಿಲ್ಲ. ಅವನ ವೀರ್ಯಾಣುಗಳು ತೀರಾ ಕಡಿಮೆ, ಇದ್ದವೂ ಶಕ್ತಿಯಿಲ್ಲದವು. ಏನು ಕೆಲಸ ಮಾಡುತ್ತೀರಿ ಎಂದು ಡಾಕ್ಟರು ಕೇಳಿ, ಕಳೆದ ವಾರ ರಕ್ತ ಪರೀಕ್ಷೆ ಮಾಡಿಸಿದರೆ ಅದರಲ್ಲಿ ಸೀಸ ಇರಬಾರದಷ್ಟು ಇತ್ತು. ಗಂಡಸಿನ ಬೀಜಶಕ್ತಿಯನ್ನು ಅದು ಒಳಗೊಳಗೇ ತಿನ್ನುತ್ತದೆ, ಹೊಗೆಯಲ್ಲಿ ಉಸಿರಿನೊಂದಿಗೂ ಧೂಳಿನಲ್ಲಿ ಬಾಯಿಯ ಮೂಲಕವೂ ಮೈಗಿಳಿಯುತ್ತದೆ ಎಂದು ಅವರು ಬಿಡಿಸಿ ಹೇಳಿದ್ದರು.

"ಅದಕ್ಕೇ ತಾನೇ ನಾನು ಹಾಲು ಕೊಡೋದು!" ಎಂದರು ಹಾಲಮ್ಮ.

ಮಗ ಇಟ್ಟಿಗೆಯ ಮೇಲಿದ್ದ ಲೋಟವನ್ನು ನೋಡಿದ. ಹಾಲಮ್ಮನೂ ನೋಡಿದರು. ಈಗಷ್ಟೇ ತಂದ ಬಿಳಿ ಹಾಲಿನ ಮೇಲೆ ಆಗಲೇ ಬೂದುಬಣ್ಣದ ಸಣ್ಣ ಪುಡಿ ಇಳಿದಿತ್ತು. ದಿನಾ ಇಳಿಯುತ್ತಿತ್ತು. ಕುಲುಮೆಯ ಬೂದಿ ಎಂದುಕೊಂಡು ಆಕೆಯೇ ಎಷ್ಟೋ ಸಲ ಅದನ್ನು ಊದಿ, ಕುಡಿ ಮಗನೇ ಎಂದಿದ್ದರು.

"ಕೆಲಸದ ಜಾಗದಲ್ಲಿ ಏನಾದ್ರೂ ತಿಂತೀರಾ, ಕುಡೀತೀರಾ ಅಂತ ಡಾಕ್ಟರ್ ಕೇಳಿದ್ರು," ಎಂದ ಮಗ. "ನಾನು ಇಲ್ಲ ಅಂದೆ."

"ಸುಳ್ಳು ಯಾಕೋ ಹೇಳ್ದೆ?"

"ನೀನು ಕೊಡೋ ಹಾಲು ಅಂತ ಹೇಳೋಕೆ ಬಾಯಿ ಬರಲಿಲ್ಲಮ್ಮ. ಅವಳೇ ಡಾಕ್ಟರಿಗೆ ನಿಜ ಹೇಳಿದ್ಲು. ಹಾಲು ಸೀಸ ತೊಳೆಯಲ್ಲ, ಅಲ್ಲಿಟ್ಟರೆ ಸೀಸಾನೇ ಹೊಟ್ಟೆಗೆ ಹಾಕಿದ ಹಾಗೆ ಅಂದ್ರು ಅವರು. ಹಾಲು ಬೇಡ ಅನ್ನಿ, ಕಾರಣ ಮಾತ್ರ ಹೇಳಬೇಡಿ ಅಂತ ಅವಳು ನನ್ನನ್ನ ಬೇಡಿಕೊಂಡ್ಲು. ತನ್ನ ಕೈಯಾರೆ ಕೊಟ್ಟಿದ್ದು ಅಂತ ಗೊತ್ತಾದ್ರೆ ಅತ್ತೆ ತಡಕೊಳ್ಳಲ್ಲ, ನನ್ನನ್ನ ಬೈದ್ರೆ ಬೈಕೊಳ್ಳಲಿ ಬಿಡಿ ಅಂದ್ಲು."

ಬಂಜೆ ಎಂದು ಹಾಲಮ್ಮ ಬೀದಿಗೆ ಕೇಳುವಂತೆ ಅಂದಾಗಲೂ ಸೊಸೆ ತಲೆ ತಗ್ಗಿಸಿ ಬಟ್ಟೆಯ ಅಂಚು ಮಡಚುತ್ತಿದ್ದಳು. ಅದನ್ನು ಸೊಕ್ಕು ಎಂದುಕೊಂಡಿದ್ದರಲ್ಲ... ಆ ಮಾತು ಹಾಲಮ್ಮನ ಸ್ವಂತದ್ದೂ ಅಲ್ಲ. ಅವರ ಅತ್ತೆ ಅವರಿಗೆ ಅಂದದ್ದು. ಮಗ ಹುಟ್ಟಿದಾಗ ಗಂಡ ಬಸ್ ಡಿಪೋದಲ್ಲಿ ಚಾಲಕರಾಗಿದ್ದರು. ಅವನು ಅಂಬೆಗಾಲಿಡುವಾಗ ಡಿಪೋ ಬಿಟ್ಟು, ಮೇಸ್ತ್ರಿಯ ಬಳಿ ಕೆಲಸ ಕಲಿತು, ಈ ಕುಲುಮೆ ಹಾಕಿದರು. ಆಮೇಲೆ ಆಕೆಯ ಮಡಿಲು ತುಂಬಲೇ ಇಲ್ಲ. ಒಂದು ಹೆತ್ತು ಬಂಜೆಯಾದವಳು ಎಂದು ಅತ್ತೆ ಸಾಯುವವರೆಗೂ ಚುಚ್ಚಿದರು. ಯಾರು ಯಾರೋ ಕೊಟ್ಟ ಪುಡಿ, ಕಷಾಯವನ್ನೆಲ್ಲ ಹಾಲಮ್ಮ ಕುಡಿದರು. ಗಂಡನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕುಲುಮೆಯನ್ನಂತೂ ಯಾರು ಕೇಳುತ್ತಾರೆ?

ಅವರು ಗಂಡನ ಕಡೆ ತಿರುಗಿದರು. ಗಂಡ ತಮ್ಮ ನಡುಗುವ ಬೆರಳುಗಳನ್ನು ನೋಡುತ್ತಿದ್ದರು. ವಯಸ್ಸಾಯಿತು ಎಂದು ಅವರು ಆ ನಡುಕವನ್ನು ತಳ್ಳಿಹಾಕಿ ಬಹಳ ಕಾಲವಾಗಿತ್ತು. ಆ ನಡುಕಕ್ಕೂ ಸೀಸವೇ ಕಾರಣವಿರಬೇಕು ಎಂದು ಈಗ ಅವರಿಗೂ ಹೊಳೆದಿತ್ತು.

ಹಾಲಮ್ಮ ಅಳಲಿಲ್ಲ. ಎರಡೂ ಲೋಟಗಳ ಹಾಲನ್ನು ತೆಗೆದುಕೊಂಡು ಹೋಗಿ ಬಚ್ಚಲಿಗೆ ಸುರಿದರು. ಕುಲುಮೆ ಆರಿಸಲು ನೀರು ಹಾಕಬಾರದು, ಕರಗಿದ ಸೀಸಕ್ಕೆ ನೀರು ತಾಗಿದರೆ ಸಿಡಿಯುತ್ತದೆ ಎನ್ನುವುದು ಆ ಮನೆಯ ಹೆಂಗಸಿಗೆ ಚೆನ್ನಾಗಿಯೇ ಗೊತ್ತಿತ್ತು. ಹಿಂದಿರುಗಿ ಬಂದು ಊದುವ ಫ್ಯಾನಿನ ವೈರನ್ನು ಗೋಡೆಯಿಂದ ಕಿತ್ತರು. ಶೆಡ್ಡು ನಿಶ್ಶಬ್ದವಾಯಿತು.

"ಮನೆ ನಡೀತಿರೋದು ಇದರಿಂದ ಕಣೇ," ಎಂದರು ಗಂಡ.

"ಯಾರಿಗೋಸ್ಕರ ನಡೀಬೇಕು ರೀ? ಹೊಸ ಬ್ಯಾಟರಿ ಮಾರಿ, ಚಾರ್ಜ್ ಮಾಡಿಕೊಡಿ. ಹಳೇದನ್ನ ಒಡೀದೆ ಹಾಗೇ ಊರಾಚೆ ಫ್ಯಾಕ್ಟರಿಗೆ ತೂಕಕ್ಕೆ ಹಾಕಿ. ಹೊಗೆ ಹೀರೋ ಯಂತ್ರ ಅವರ ಹತ್ರ ಇದೆ, ನಮ್ಮ ಹತ್ರ ಇಲ್ಲ. ಸಂಪಾದನೆ ಕಮ್ಮಿ ಆಗುತ್ತೆ. ಆಗಲಿ. ಈ ಮನೇನ ಕಮ್ಮೀಲಿ ನಡೆಸೋದು ಹೇಗೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಗಂಡ ಹೆಂಡತಿಯ ಮುಖ ನೋಡಿ, ಸುತ್ತಿಗೆಯನ್ನು ಮೂಲೆಗೆ ಇಟ್ಟರು. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಆ ಮುಖ ಗೊತ್ತಿತ್ತು. ಸ್ನಾನ ಮಾಡಿ, ಆ ಬಟ್ಟೆ ಬೇರೆ ನೆನೆಸಿ, ಆಮೇಲೆ ಹೊಸಿಲು ತುಳಿಯಿರಿ ಎಂದು ಇಬ್ಬರಿಗೂ ಅಪ್ಪಣೆಯಾಯಿತು.

ಹಾಲಮ್ಮ ತಾವೂ ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿ ತೊಳೆದರು, ಬಟ್ಟೆ ಬದಲಾಯಿಸಿದರು. ಆಮೇಲೇ ಮುಂಬಾಗಿಲಿಗೆ ಹೋದರು. ಸೊಸೆ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಗಂಡ ಬಂದು ಕರೆದುಕೊಂಡು ಹೋಗಲಿ ಎಂದು ಕಾಯುತ್ತಿದ್ದಳು.

ಹಾಲಮ್ಮ ಅವಳೆದುರು ನೆಲದ ಮೇಲೇ ಕೂತರು.

"ನಮ್ಮತ್ತೆ ನನ್ನ ಹೊಟ್ಟೆ ಉರಿಸಿದ್ರು," ಎಂದರು. "ಅದೇ ಬೆಂಕೀನ ನಿನ್ನ ಮೇಲೆ ಸುರಿದೆ. ನೀನು ನೋಡಿದ್ರೆ ನಾನು ಸುಟ್ಟುಕೋಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದೆ... ತಪ್ಪಾಯ್ತು ಕಣಮ್ಮ."

ಐದು ವರ್ಷ ಆ ಮನೆಯಲ್ಲಿ ಯಾರ ಮುಂದೆಯೂ ಕಣ್ಣೀರು ಹಾಕದ ಹುಡುಗಿ ಆಗ ಅತ್ತಳು. ಹಾಲಮ್ಮ ಅವಳ ಎರಡೂ ಕೈಗಳನ್ನು ಹಿಡಿದುಕೊಂಡು, ಅಳುವಷ್ಟೂ ಅಳಲು ಬಿಟ್ಟರು. ಸೀಸ ಮೈಯಿಂದ ಇಳಿಯಲು ತಿಂಗಳುಗಳೇ ಬೇಕು, ಆಮೇಲೆ ಸರಿಹೋಗಬಹುದು, ಖಂಡಿತ ಎನ್ನುವಂತಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಸೊಸೆ ಬಿಕ್ಕುತ್ತಲೇ ತಿಳಿಸಿದಳು. ಏನನ್ನೂ ಮುಚ್ಚಿಡುವುದು ಇನ್ನು ಅವಳಿಗೆ ಬೇಕಿರಲಿಲ್ಲ.

"ಆಗಲಿಲ್ಲ ಅಂದ್ರೆ ಅತ್ತೆ?"

"ಆದ್ರೆ ಎತ್ತಿ ಆಡಿಸ್ತೀನಿ. ಆಗಲಿಲ್ಲ ಅಂದ್ರೆ ನೀನಿದ್ದೀಯ, ಅವನಿದ್ದಾನೆ. ಈ ಮನೆ ತುಂಬೋಕೆ ಅಷ್ಟು ಸಾಕು. ಬೀದಿಯವರು ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸು." ಹಾಲಮ್ಮ ಎದ್ದರು. "ಬಾ, ಹಾಲು ಬಿಸಿ ಮಾಡ್ತೀನಿ. ಇನ್ನು ಮೇಲೆ ಎಲ್ಲರೂ ಅಡುಗೆಮನೇಲೇ ಕೂತು ಕುಡಿಯೋದು. ಮೊದಲನೇ ಲೋಟ ನಿನಗೆ."

ಸೂಟ್‌ಕೇಸನ್ನು ಒಳಗೆ ಒಯ್ಯಲು ಸೊಸೆ ಬಗ್ಗಿದರೆ ಹಾಲಮ್ಮ ಬಿಡಲಿಲ್ಲ. ಹೊರಗೆ ತಂದಿಟ್ಟ ಕೈಯೇ ಒಳಗೆ ಒಯ್ಯಬೇಕು ಎಂದು ಹಟ ಹಿಡಿದರು. ಈ ಸಲ ನೆಲದ ಮೇಲೆ ಎಳೆಯದೆ ಎರಡೂ ಕೈಯಲ್ಲಿ ಎತ್ತಿಕೊಂಡರು. ತಂದಾಗಿನದಕ್ಕಿಂತ ಅದು ಭಾರವಾಗಿತ್ತು. ಸೊಸೆ ಕತ್ತರಿಯನ್ನೂ ಒಳಗೆ ಹಾಕಿಟ್ಟಿದ್ದಳು.